ಸುಣ್ಣದ ನೀರಿನ ನಾಡಿನಲ್ಲಿ ಎರಡು ಗೇಣು ರಬ್ಬರು

ಗದ್ದನಕೇರಿ ಕ್ರಾಸಿನಿಂದ ಬಾಗಲಕೋಟೆಯ ಕಡೆಗೆ ಬರುವಾಗ ಗ್ಯಾರೇಜುಗಳು ಸಿಗುತ್ತವೆ. ತಗಡಿನ ಮಾಡು, ಆಯಿಲ್ ಕುಡಿದು ಕಪ್ಪಾದ ನೆಲ, ಬೇವಿನ ಗಿಡದ ನೆರಳಿಗೆ ಮೂತಿ ಬಿಚ್ಚಿಕೊಂಡು ನಿಂತ ಟ್ರ್ಯಾಕ್ಟರು. ಕಬ್ಬಿನ ಹಂಗಾಮು ಮುಗಿದಿದೆ. ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆಗಳಿಗೆ ಜೋಡಿ ಟ್ರೇಲರು ಎಳೆದು ದಣಿದ ಎಂಜಿನ್ನುಗಳು ಏಪ್ರಿಲ್ ಬಿಸಿಲಲ್ಲಿ ಒಂದೊಂದಾಗಿ ಇಲ್ಲಿಗೆ ಬರುತ್ತಿವೆ. ಯಾರನ್ನು ಕೇಳಿದರೂ ಬೇಸಿಗೆಯ ಕಾಯಿಲೆಗೆ ಒಂದೇ ಹೆಸರು: "ಗಾಡಿ ಹೀಟ್ ಆಗ್ತೈತ್ರಿ."

ಆ ಟ್ರ್ಯಾಕ್ಟರುಗಳ ನಡುವೆ, ಎದೆಮಟ್ಟಕ್ಕೂ ಬಾರದ ಒಂದು ಕಾರು ನಿಂತಿತ್ತು. ನನ್ನ ಗೆಳೆಯರೊಬ್ಬರ ಹಳೆಯ ಸ್ಯಾನ್ ಸ್ಟಾರ್ಮ್. ಈ ಹೆಸರು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಗೆ ಗೋವಾದಲ್ಲಿ ಕಟ್ಟಲು ಶುರುಮಾಡಿದ, ಎರಡೇ ಸೀಟಿನ ಕ್ರೀಡಾ ಕಾರು ಇದು. ಮೈ ಫೈಬರ್‌ಗ್ಲಾಸಿನದು, ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, 1149 ಸಿಸಿ. ಅದಕ್ಕೂ ಮೊದಲು, 1980ರ ದಶಕದಲ್ಲಿ, ಬೆಂಗಳೂರಿನ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ಮಾಡಿದ್ದರು. ಹಗುರವಾದ ಆ ಗಾಡಿ ರ್‍ಯಾಲಿಗಳಲ್ಲಿ ಹೆಸರು ಮಾಡಿತ್ತು. ಎರಡೂ ನಮ್ಮ ಸುತ್ತಮುತ್ತಲೇ ಹುಟ್ಟಿದ ಗಾಡಿಗಳು. ಎರಡಕ್ಕೂ ಈಗ ಬಿಡಿಭಾಗ ಕೊಡುವ ಷೋರೂಮ್ ಇಲ್ಲ. ಇಂಥ ಕಾರನ್ನು ಓಡಿಸಬೇಕೆಂದರೆ ಊರೂರಿನ ಮಿಸ್ತ್ರಿಗಳನ್ನೇ ನಂಬಬೇಕು. ಆ ನಂಬಿಕೆಗೆ ಆಧಾರವೇನು ಎಂದು ಕಣ್ಣಾರೆ ನೋಡಲೆಂದೇ ನಾನು ಬಾಗಲಕೋಟೆಯಿಂದ ಬಾದಾಮಿ, ಹುನಗುಂದ ದಾಟಿ ಇಳಕಲ್ಲಿನವರೆಗೆ ಆ ಕಾರಿನ ಜೊತೆ ಹೋದೆ.

ಕಾರು ಕೆಟ್ಟಿರಲಿಲ್ಲ. ರೇಡಿಯೇಟರ್ ಪೈಪುಗಳಿಗೆ ವಯಸ್ಸಾಗಿತ್ತು, ಅಷ್ಟೆ. ರಬ್ಬರಿಗೆ ವಯಸ್ಸಾಗುವುದು ಯಾವ ಗಾಡಿಯಲ್ಲೂ ತಪ್ಪಿದ್ದಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಪೈಪು ಬದಲಿಸಿ ಎಂದು ತಿಳಿದವರು ಹೇಳುವುದು ಅದಕ್ಕೇ. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಆ ಲೆಕ್ಕ ಓಡುತ್ತಲೇ ಇರುತ್ತದೆ.

ಆ ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿ ಮೊದಲು ಮಾಡಿದ ಕೆಲಸ ಕೈಯನ್ನು ಪೈಪಿನ ಹತ್ತಿರ ಹಿಡಿದು ಬಿಸಿ ನೋಡಿದ್ದು. ಎಂಜಿನ್ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆಯೇ ಮುಟ್ಟಿದರು. ಮೇಲಿನ ಪೈಪನ್ನು ನಡುವೆ ಒತ್ತಿದರು, ಆಮೇಲೆ ಕ್ಲಿಪ್ಪಿನ ಪಕ್ಕದಲ್ಲಿ ಹೆಬ್ಬೆರಳು-ತೋರುಬೆರಳಿನ ನಡುವೆ ಹಿಸುಕಿದರು. ನನ್ನ ಗೆಳೆಯರು "ಸೋರ್ತಾ ಇಲ್ಲ ಮಿಸ್ತ್ರಿ" ಎಂದರು.

"ಸೋರಾಕತ್ತಿಲ್ಲ ಅಂದ್ರ ಪೈಪು ಛಲೋ ಐತಿ ಅಂತಲ್ರಿ ಸಾಹೇಬ್ರ. ನಡುವ ಒತ್ತಿ ನೋಡ್ರಿ. ಈಗ ಇಲ್ಲಿ, ಕ್ಲಿಪ್ಪಿನ ಬಾಜೂಕ. ಫರಕ್ ಗೊತ್ತಾತ?"

ಗೊತ್ತಾಯಿತು. ನಡುವೆ ಗಟ್ಟಿಯಾಗಿ ಪುಟಿಯುವ ರಬ್ಬರು ತುದಿಯಲ್ಲಿ ಮೆತ್ತಗಾಗಿತ್ತು. ಬೆರಳಿಗೆ ಒಳಗೆಲ್ಲೋ ಸಣ್ಣ ಬಿರುಕು ತೆರೆದು ಮುಚ್ಚಿದ ಹಾಗೆ. ಇದು ಹೊರಗಿನಿಂದ ಕಾಣದ ಸವೆತ. ಈಗಿನ ಪೈಪುಗಳನ್ನು ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ: ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಹೆಣೆದ ನೂಲು. ಎಂಜಿನ್ನಿನ ಲೋಹ, ರೇಡಿಯೇಟರಿನ ಲೋಹ, ಅವುಗಳ ನಡುವೆ ಕೂಲಂಟ್ ಸೇರಿದರೆ ಅಲ್ಲೊಂದು ದುರ್ಬಲ ಬ್ಯಾಟರಿಯೇ ಹುಟ್ಟುತ್ತದೆ. ಆ ವಿದ್ಯುತ್ತಿನ ಕೆಲಸ ಹೆಚ್ಚಾಗಿ ತುದಿಗಳಲ್ಲಿ, ಪೈಪು ಲೋಹದ ಕುತ್ತಿಗೆಯ ಮೇಲೆ ಕೂರುವ ಮೂರ್ನಾಲ್ಕು ಬೆರಳಗಲದ ಜಾಗದ ಹತ್ತಿರ ನಡೆಯುತ್ತದೆ. ಒಳಪದರದಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಸೀಳುಗಳು ಬೀಳುತ್ತವೆ, ಅವುಗಳ ಮೂಲಕ ನೀರು ನೂಲಿಗೆ ತಲುಪುತ್ತದೆ, ನೂಲು ಕೊಳೆಯುತ್ತದೆ. ಹೊರಗಿನ ರಬ್ಬರು ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಎಲ್ಲ ಚೆನ್ನಾಗಿದೆ ಎಂದುಕೊಂಡು ಹೊರಟವರ ಪೈಪು ಒಂದು ಮಧ್ಯಾಹ್ನ ಒಡೆಯುವುದು ಹೀಗೆ.

ಫೈಬರ್ ಮೈಯ ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಗಡಿನ ಕಾರಿನಲ್ಲಿ ಮೈಯೇ ಅರ್ತ್. ಫೈಬರಿನಲ್ಲಿ ವಿದ್ಯುತ್ ಹರಿಯದು. ಎಲ್ಲ ದೀಪ, ಫ್ಯಾನು, ಸೆಲ್ಫ್ ಮೋಟಾರಿನ ಕರೆಂಟು ವೈರುಗಳ ಮೂಲಕವೇ ಬ್ಯಾಟರಿಗೆ ಮರಳಬೇಕು. ಆ ಅರ್ತ್ ವೈರು ಸಡಿಲವಾದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಕೂಲಂಟ್ ಕೂಡ ಅದಕ್ಕೊಂದು ದಾರಿ. ಮಿಸ್ತ್ರಿ ಮಲ್ಟಿಮೀಟರ್ ತಂದು ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ರೇಡಿಯೇಟರಿನ ಬಾಯಲ್ಲಿ ಲೋಹಕ್ಕೆ ತಾಗದಂತೆ ನೀರಿಗೆ ಮಾತ್ರ ಅದ್ದಿ ಹಿಡಿದರು. ಈ ಪರೀಕ್ಷೆಯಲ್ಲಿ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಹಳೆಯ ಕೂಲಂಟನ್ನೋ ಅರ್ತನ್ನೋ ಅನುಮಾನಿಸಬೇಕು. ಅವರು ಅರ್ತ್ ಪಟ್ಟಿ ಬಿಚ್ಚಿ, ತುದಿ ಉಜ್ಜಿ, ಮತ್ತೆ ಬಿಗಿದರು. ಪೈಪಿನ ಮಾತಿಗೆ ಬಂದಾಗ ತಲೆಯಾಡಿಸಿದರು. ಮೇಲಿನ ಪೈಪಿಗೆ ಎರಡು ಕಡೆ ತಿರುವು. ಅಂಥ ಬೆಂಡ್ ಪೈಪು ಅವರಲ್ಲಿ ಇರಲಿಲ್ಲ. ಅವರಲ್ಲಿದ್ದದ್ದು ಸುಕ್ಕು ಸುಕ್ಕಾಗಿ ಎತ್ತ ಬೇಕಾದರೂ ಬಗ್ಗುವ ಪೈಪು. ಅದನ್ನು ಹಾಕಿಕೊಡುವುದು ಸುಲಭವಿತ್ತು, ದುಡ್ಡೂ ಸಿಗುತ್ತಿತ್ತು. ಅವರು ಹಾಕಲಿಲ್ಲ.

"ಇದು ಊರು ಮುಟ್ಟಸಾಕ ಅಷ್ಟ ರೀ. ನೀವು ಹೆಂಗೂ ಇಳಕಲ್ಲಿಗೆ ಹೊಂಟೀರಿ. ಅಲ್ಲಿ ಕಲ್ಲಿನ ಖಣಿ ಅದಾವು, ಕಂಪ್ರೆಸರ್ ಪೈಪಿನ ಅಂಗಡಿ ಅದಾವು. ಹಳೇ ಪೈಪು ಕೈಯಾಗ ಹಿಡ್ಕೊಂಡು ಹೋಗಿ ತೋರಸ್ರಿ, ಸಿಗತೈತಿ. ಬಿಸಿಲೇರೂಕಿಂತ ಮೊದಲ ಓಡಸ್ರಿ, ಹೀಟಿನ ಮುಳ್ಳಿನ ಮ್ಯಾಲೆ ಕಣ್ಣಿರ್ಲಿ."

ಅಂಗಡಿಯ ಮೂಲೆಯಲ್ಲಿ ಬಿಚ್ಚಿಟ್ಟ ಒಂದು ಟ್ರ್ಯಾಕ್ಟರ್ ರೇಡಿಯೇಟರಿನ ಕೊಳವೆಗಳನ್ನು ಅವರು ತೋರಿಸಿದರು. ಒಳಗೆಲ್ಲ ಬಿಳಿ ಚಕ್ಕೆ ಕಟ್ಟಿತ್ತು. ಬಾಗಲಕೋಟೆ ಸುಣ್ಣಕಲ್ಲಿನ ಮೇಲೆ ಕೂತ ಊರು. ಇಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಆ ಕಲ್ಲಿನಿಂದಾಗಿಯೇ. ಅದೇ ಕಲ್ಲಿನ ಸಂದಿಯಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಅದೇ ಸುಣ್ಣ ಕರಗಿರುತ್ತದೆ. ನೀರು ಕಾದಾಗ ಅದು ಕರಗಿದ ಸ್ಥಿತಿ ಬಿಟ್ಟು ಲೋಹದ ಮೇಲೆ ಕೂರುತ್ತದೆ. ಮನೆಯ ಬಾಯ್ಲರಿನ ಕಾಯಿಲ್ ಮೇಲೆ ಕಟ್ಟುವ ಗಡಸು ಬಿಳುಪು ಯಾವುದೋ ರೇಡಿಯೇಟರಿನೊಳಗಿನದೂ ಅದೇ. ನೀರು ಕಡಿಮೆಯಾಯಿತೆಂದು ಬೋರಿನ ನೀರು ಸುರಿದಷ್ಟೂ ಎಂಜಿನ್ನಿಗೆ ನಾವೇ ಸಿಮೆಂಟಿನ ಕಚ್ಚಾ ಮಾಲು ಕುಡಿಸಿದಂತೆ. ಈ ಜಿಲ್ಲೆಯಲ್ಲಿ ಗಾಡಿ ಇಟ್ಟುಕೊಂಡ ಪ್ರತಿಯೊಬ್ಬರೂ ಒಮ್ಮೆ ಆ ಮೂಲೆಗೆ ಹೋಗಿ ಆ ರೇಡಿಯೇಟರನ್ನು ನೋಡಬೇಕು.

ಬಾದಾಮಿಯ ದಾರಿಗೆ ಬಿದ್ದಾಗ ಸೂರ್ಯ ಇನ್ನೂ ಏರಿರಲಿಲ್ಲ. ಗುಳೇದಗುಡ್ಡದ ಆಸುಪಾಸಿನಿಂದ ನೆಲದ ಬಣ್ಣ ಬದಲಾಗುತ್ತದೆ. ಸುಣ್ಣಕಲ್ಲು ಹೋಗಿ ಮರಳುಗಲ್ಲು ಬರುತ್ತದೆ. ಬಾದಾಮಿಯ ಬಂಡೆಗಳ ಬಗ್ಗೆ ಬರೆದವರು ಬಹಳ. ಗಾಡಿಯವರ ಕಣ್ಣಿನಿಂದ ನೋಡಿದರೆ ಅವು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಉಗುಳುವ ಗೋಡೆಗಳು. ಬಸ್ ನಿಲ್ದಾಣದ ಹೊರಗೆ ಸಾಲಾಗಿ ನಿಂತ ಕ್ರೂಸರುಗಳು, ಟಂಟಂಗಳು ಆ ಗೋಡೆಗಳ ನಡುವೆಯೇ ದುಡಿಯಬೇಕು. ಬನಶಂಕರಿ ಜಾತ್ರೆಯಲ್ಲಿ ಆಮೆಯ ನಡಿಗೆ, ಉಳಿದ ದಿನ ಪಟ್ಟದಕಲ್ಲು, ಐಹೊಳೆಗೆ ಹೋಗಿ ಬರುವ ಸವಾರಿ.

ಬೇಸಿಗೆಯಲ್ಲಿ ಎಂಜಿನ್ ಏಕೆ ಕಾಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಚಕ್ರಕ್ಕೆ. ಒಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ. ಉಳಿದ ಒಂದು ಪಾಲನ್ನು ನೀರು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಕೊಡಬೇಕು. ನೀರು 90 ಡಿಗ್ರಿ, ಹೊರಗಿನ ಗಾಳಿ ಜನವರಿಯ 28 ಡಿಗ್ರಿ ಇದ್ದಾಗ ಅಂತರ 62. ಏಪ್ರಿಲ್‌ನಲ್ಲಿ ಗಾಳಿಯೇ 41 ಆದಾಗ ಅಂತರ 49ಕ್ಕೆ ಇಳಿಯುತ್ತದೆ. ರೇಡಿಯೇಟರ್ ಅದೇ, ಫ್ಯಾನ್ ಅದೇ, ತಣಿಸುವ ಬಲ ಮಾತ್ರ ಐದರಲ್ಲೊಂದು ಭಾಗ ಕಡಿಮೆ. ಅದರ ಜೊತೆ ಕೊಳವೆಯೊಳಗೆ ಸುಣ್ಣದ ಪದರ, ಮೂತಿ ತಗ್ಗಿಸಿ ಗಾಳಿಗೆ ಕಿರಿದಾದ ಬಾಯಿ ಬಿಟ್ಟ ಕ್ರೀಡಾ ಕಾರು. ಇಷ್ಟು ಭಾರವೂ ಕೊನೆಗೆ ಬಂದು ಬೀಳುವುದು ಪೈಪಿನ ಮೇಲೆ.

ಯಾಕೆಂದರೆ ಕುದಿಯುವುದನ್ನು ತಡೆಯಲು ನಾವು ನೀರನ್ನು ಒತ್ತಡದಲ್ಲಿ ಇಟ್ಟಿರುತ್ತೇವೆ. ಬಾಗಲಕೋಟೆ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ತುಸು ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಹೆಚ್ಚುಕಡಿಮೆ ಒಂದು ಬಾರ್ ಒತ್ತಡವನ್ನು ಒಳಗೇ ತಡೆದು ಹಿಡಿದರೆ ಅದೇ ನೀರು 120ರ ಆಸುಪಾಸಿನವರೆಗೂ ಕುದಿಯದು. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದವರ ಮುಖಕ್ಕೆ ಕುದಿನೀರು ಚಿಮ್ಮುವುದು ಇದರಿಂದಲೇ: ಒತ್ತಡ ಹೋದ ಕ್ಷಣ 110 ಡಿಗ್ರಿಯ ನೀರು ಒಮ್ಮೆಲೇ ಆವಿಯಾಗಲು ನುಗ್ಗುತ್ತದೆ. ಒಳವ್ಯಾಸ 35 ಮಿಲಿಮೀಟರ್ ಇರುವ ಪೈಪಿನಲ್ಲಿ ಅದೇ ಒಂದು ಬಾರ್ ಒತ್ತಡ ಪೈಪನ್ನು ಕುತ್ತಿಗೆಯಿಂದ ಕಿತ್ತೊಗೆಯಲು ಸುಮಾರು ಹತ್ತು ಕಿಲೋ ಬಲ ಹಾಕುತ್ತಿರುತ್ತದೆ. ಅದನ್ನು ಹಿಡಿದಿರುವುದು ಒಂದು ತೆಳುವಾದ ಕ್ಲಿಪ್ಪು ಮತ್ತು ಕುತ್ತಿಗೆಯ ಮೇಲಿನ ಒಂದು ಸಣ್ಣ ಉಬ್ಬು.

ಬಾದಾಮಿಯಲ್ಲಿ ಒಬ್ಬ ವಯಸ್ಸಾದ ಕ್ರೂಸರ್ ಚಾಲಕರು ನಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಸೀದಾ ಕೆಳಗಿನ ಪೈಪಿನ ಬಗ್ಗೆ ಕೇಳಿದರು. "ಮ್ಯಾಲಿಂದು ಎಲ್ಲಾರೂ ನೋಡ್ತಾರ. ಕೆಳಗಿಂದು ನೋಡೀರೇನು?"

"ನೋಡಿಲ್ಲ ಕಾಕಾ, ಅದರಾಗ ಏನೈತಿ?" ಎಂದೆ.

ಅವರ ಉತ್ತರದಲ್ಲಿ ವರ್ಷಗಳ ಅನುಭವವಿತ್ತು. ಮೇಲಿನ ಪೈಪಿನಲ್ಲಿ ಎಂಜಿನ್ನಿನಿಂದ ಬಿಸಿ ನೀರು ಹೊರಗೆ ನುಗ್ಗುತ್ತದೆ. ಅದು ಉಬ್ಬಿ ಕೆಡುತ್ತದೆ. ಕೆಳಗಿನ ಪೈಪಿನಿಂದ ವಾಟರ್ ಪಂಪು ತಣ್ಣೀರನ್ನು ಎಳೆದುಕೊಳ್ಳುತ್ತದೆ. ಅದು ಒಳಗೆ ಚಪ್ಪಟೆಯಾಗಿ ಕೆಡುತ್ತದೆ. ಹಾಗಾಗಬಾರದೆಂದು ಹಲವು ಗಾಡಿಗಳ ಕೆಳಪೈಪಿನೊಳಗೆ ತಂತಿಯ ಸುರುಳಿ ಇಟ್ಟಿರುತ್ತಾರೆ. ಸುಣ್ಣದ ನೀರಲ್ಲಿ ಆ ತಂತಿ ತುಕ್ಕು ಹಿಡಿದು ಕರಗಿದರೆ, ಗಾಡಿ ನಿಂತಾಗ ಎಲ್ಲ ಸರಿ ಕಾಣುತ್ತದೆ, ಏರು ಹತ್ತುವಾಗ ಎಂಜಿನ್ ಜೋರು ತಿರುಗಿದಾಗ ಮಾತ್ರ ಪೈಪು ಒಳಗೆ ಕುಸಿದು ನೀರಿನ ದಾರಿ ಮುಚ್ಚುತ್ತದೆ. ಮಿಸ್ತ್ರಿಯ ಹತ್ತಿರ ಬಂದಾಗ ಮತ್ತೆ ಸರಿ. ರೋಗ ಸಿಗುವುದೇ ಇಲ್ಲ. ಕಾಕಾ ಒಬ್ಬರನ್ನು ಆಕ್ಸಿಲರೇಟರ್ ಒತ್ತಲು ಕೂರಿಸಿ, ತಾವು ಮಂಡಿಯೂರಿ ಕೆಳಗೆ ನೋಡಿದರು. ಪೈಪು ನಿಂತಿತು, ಕುಸಿಯಲಿಲ್ಲ. ಆದರೆ ಅದರ ಮೈಯಲ್ಲೊಂದು ಕಡೆ ಆಯಿಲ್ ಹನಿ ಬಿದ್ದು ರಬ್ಬರು ಸ್ಪಂಜಿನಂತೆ ಊದಿತ್ತು. ಇಪಿಡಿಎಂ ರಬ್ಬರು ಬಿಸಿಯನ್ನು ತಾಳುತ್ತದೆ, ನೀರನ್ನು ತಾಳುತ್ತದೆ, ಆಯಿಲನ್ನು ತಾಳದು. ಪೈಪು ಸಲೀಸಾಗಿ ಏರಲಿ ಎಂದು ಗ್ರೀಸ್ ಹಚ್ಚುವ ಕೈಗಳನ್ನು ನಾನು ಅನೇಕ ಕಡೆ ನೋಡಿದ್ದೇನೆ. ಸಾಬೂನಿನ ನೀರು ಸಾಕು, ಇಲ್ಲವೆ ಕೂಲಂಟ್ ತಾನೇ ಸಾಕು.

ಸಂಜೆ ಕಾರನ್ನು ನಿಲ್ಲಿಸಿಯೇ ಬಿಟ್ಟೆವು. ಪಟ್ಟದಕಲ್ಲು, ಐಹೊಳೆಗಳನ್ನು ಮರುದಿನ ನಸುಕಿನಲ್ಲಿ ಬದಿಗೆ ನೋಡುತ್ತ ದಾಟಿದೆವು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುವಷ್ಟು ಹೊತ್ತು ಎಂಜಿನ್ ಬಂದ್.

ಹುನಗುಂದಕ್ಕೆ ಬರುವಾಗ ನೀರಿನ ಮಾತು ಮತ್ತೆ ಬಂತು. ಕೃಷ್ಣೆ-ಮಲಪ್ರಭೆ ಕೂಡುವ ಕೂಡಲಸಂಗಮ ಇದೇ ತಾಲ್ಲೂಕಿನದು. ಆದರೂ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಗಡಸುತನವೂ ಹೆಚ್ಚು. ಅದಕ್ಕಾಗಿ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ನನ್ನ ಗೆಳೆಯರು ಕ್ಯಾನು ಹಿಡಿದು ಅಲ್ಲಿಗೇ ಹೊರಟರು. ಬೋರಿನ ನೀರಿಗೆ ಹೋಲಿಸಿದರೆ ಅದು ಎಷ್ಟೋ ಉತ್ತಮ. ಲವಣ ಬಹುಪಾಲು ತೆಗೆದ ನೀರು. ದಾರಿಯಲ್ಲಿ ಆಪತ್ತಿಗೆ ಖಂಡಿತ ಸುರಿಯಬಹುದು. ಹೊಸ ಪೈಪು ಹಾಕಿ ಹೊಸ ಕೂಲಂಟ್ ತುಂಬುವಾಗ ಮಾತ್ರ ಡಿಸ್ಟಿಲ್ಡ್ ವಾಟರ್ ಬೇಕು. ಅದೂ ಇಲ್ಲಿ ದುರ್ಲಭವಲ್ಲ. ಬ್ಯಾಟರಿ ಅಂಗಡಿ ಇರುವಲ್ಲೆಲ್ಲ ಐದು ಲೀಟರಿನ ಕ್ಯಾನು ಸಿಗುತ್ತದೆ. ಹುನಗುಂದದಲ್ಲಿ ಎರಡು ಕ್ಯಾನು ಕೊಂಡೆವು.

ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ಹೆದ್ದಾರಿಯಲ್ಲಿ ಓಡಾಡುವವರಿಗೆ ಕಲ್ಲು. ಇಲ್ಲಿನ ಕೆಂಪು ಗ್ರಾನೈಟ್ ದೊಡ್ಡ ದೊಡ್ಡ ದಿಮ್ಮಿಗಳಾಗಿ ಲಾರಿ ಏರಿ ಬಂದರುಗಳಿಗೆ ಹೋಗುತ್ತದೆ. ಆ ದಿಮ್ಮಿ ಎಬ್ಬಿಸಲು ಬಂಡೆಗೆ ತೂತು ಕೊರೆಯಬೇಕು, ಕೊರೆಯಲು ಗಾಳಿ ಬೇಕು, ಗಾಳಿಗೆ ಡೀಸೆಲ್ ಕಂಪ್ರೆಸರ್ ಬೇಕು. ಬಿಸಿಲಿಗೆ ಕಾದ ಬಂಡೆಯ ಗುಂಡಿಯೊಳಗೆ, ಕಲ್ಲುಪುಡಿಯ ಧೂಳಿನಲ್ಲಿ, ಒಂದೇ ಕಡೆ ನಿಂತು ದಿನವಿಡೀ ತಿರುಗುವ ಎಂಜಿನ್ನಿಗೆ ಓಡುವ ಗಾಡಿಗೆ ಸಿಗುವಷ್ಟು ಗಾಳಿ ಸಿಗದು. ಅಲ್ಲಿ ಪೈಪು ಒಡೆದರೆ ಕೆಲಸ ನಿಂತಿತು. ಅದಕ್ಕಾಗಿಯೇ ಇಷ್ಟು ಸಣ್ಣ ಊರಿನಲ್ಲಿ ಬೆಲ್ಟ್, ಬೇರಿಂಗ್, ಆಯಿಲ್ ಸೀಲ್, ಹೋಸ್ ಪೈಪ್ ಎಂದು ಬೋರ್ಡು ಬರೆದ ಅಂಗಡಿಗಳು. ದೊಡ್ಡ ನಗರದ ಷೋರೂಮಿನಲ್ಲಿ ಕೇಳಿದರೆ ಮೊದಲು ಗಾಡಿಯ ಮಾಡೆಲ್ಲು, ಆಮೇಲೆ ಪಾರ್ಟ್ ನಂಬರು, ಕೊನೆಗೆ "ಸ್ಟಾಕಿಲ್ಲ". ಇಲ್ಲಿ ಗಾಡಿ ಯಾವುದೆಂದು ಯಾರೂ ಕೇಳಲಿಲ್ಲ.

"ಹಳೇದು ಕೊಡ್ರಿ ಇತ್ತಾಗ," ಎಂದರು ಅಂಗಡಿಯವರು.

ಹಳೆಯದು ಇನ್ನೂ ಕಾರಿನಲ್ಲೇ ಇತ್ತು. ಬಿಚ್ಚಿಸಲು ಹಿಂದಿನ ಓಣಿಯಲ್ಲೇ ಒಂದು ಗ್ಯಾರೇಜು. ಕಾರು ಚೆನ್ನಾಗಿ ತಣಿಯುವವರೆಗೆ ಅಲ್ಲಿನ ಮಿಸ್ತ್ರಿ ಬಾನೆಟ್ಟಿಗೆ ಕೈಹಾಕಲಿಲ್ಲ. ತಣಿದ ಮೇಲೆ ರೇಡಿಯೇಟರಿನ ಕೆಳಗೆ ಅಗಲವಾದ ಬೋಗುಣಿ ಇಟ್ಟು ಕೂಲಂಟ್ ಇಳಿಸಿದರು. ಬೋಗುಣಿ ತುಂಬಿದ ಕೂಡಲೇ ಅದನ್ನು ಎತ್ತಿ ಮುಚ್ಚಳದ ಡಬ್ಬಿಗೆ ಸುರಿದದ್ದು ನೋಡಿ ನನಗೆ ಬಹಳ ಸಮಾಧಾನವಾಯಿತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ನಾಯಿ, ಆಡು, ದನ ಯಾವುದೂ ಅದನ್ನು ಬಿಡುವುದಿಲ್ಲ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಡುತ್ತದೆ. ರಸ್ತೆಬದಿಯ ಚರಂಡಿಗೆ ಚೆಲ್ಲುವ ಗ್ಯಾರೇಜುಗಳು ಎಲ್ಲೆಡೆ ಇವೆ. ದನ ಓಡಾಡುವ ಓಣಿಯಲ್ಲಿ ಅದು ಆಗಲೇಬಾರದು.

ಪೈಪು ಬಿಚ್ಚುವಲ್ಲಿ ನಾನು ನೋಡಿದ ಕೈಚಳಕ ಬೇರೆಲ್ಲಕ್ಕಿಂತ ದೊಡ್ಡದು. ವರ್ಷಗಟ್ಟಲೆ ಕೂತ ರಬ್ಬರು ಕುತ್ತಿಗೆಗೆ ಅಂಟಿರುತ್ತದೆ. ಬಲ ಹಾಕಿ ತಿರುಚಿದರೆ ರೇಡಿಯೇಟರಿನ ಕುತ್ತಿಗೆಯೇ ಮುರಿಯುತ್ತದೆ. ಅದರಲ್ಲೂ ಪ್ಲಾಸ್ಟಿಕ್ ಟ್ಯಾಂಕಿನದು ಹಳತಾದಂತೆ ಬಿಸ್ಕೀಟಿನಂತೆ ಪುಡಿಯಾಗುವ ವಸ್ತು. ಇನ್ನೂರು ರೂಪಾಯಿಯ ಪೈಪು ಉಳಿಸಲು ಹೋಗಿ ಸಿಗದ ರೇಡಿಯೇಟರನ್ನು ಕಳೆದುಕೊಂಡಂತೆ. ಮಿಸ್ತ್ರಿ ಕ್ಲಿಪ್ಪು ಸಡಿಲಿಸಿ ಹಿಂದೆ ಸರಿಸಿದರು, ತೆಳುವಾದ ಬ್ಲೇಡಿನಿಂದ ಪೈಪಿನ ತುದಿಯನ್ನು ಉದ್ದಕ್ಕೆ ಸೀಳಿದರು, ಕೊನೆಯ ಪದರದಲ್ಲಿ ಬ್ಲೇಡು ನಿಲ್ಲಿಸಿ ಉಳಿದದ್ದನ್ನು ಬೆರಳಿನಿಂದ ಸುಲಿದರು. ಲೋಹಕ್ಕೆ ಗೀರು ಬೀಳಲಿಲ್ಲ. ಗೀರು ಬಿದ್ದರೆ ಹೊಸ ಪೈಪು ಎಷ್ಟು ಬಿಗಿದರೂ ಅದರ ಗುಂಟ ನೀರು ಜಿನುಗುತ್ತದೆ.

ಸೀಳಿದ ಪೈಪಿನ ತುದಿ ಅಗಲಿಸಿ ನೋಡಿದೆವು. ಬಾಗಲಕೋಟೆಯ ಮಿಸ್ತ್ರಿ ಬೆರಳಲ್ಲಿ ಓದಿದ್ದು ಕಣ್ಣಿಗೆ ಬಂತು: ಒಳಗೆ ತುದಿಯಿಂದ ಎರಡು ಬೆರಳಗಲ ಬಿಟ್ಟು ಸೂಜಿಯಿಂದ ಗೀಚಿದಂಥ ಉದ್ದ ಗೆರೆಗಳು, ಒಂದರಲ್ಲಿ ನೂಲು ಕಪ್ಪಾಗಿ ಕಾಣುತ್ತಿತ್ತು.

ಅಂಗಡಿಯ ಒಳಮನೆಯಲ್ಲಿ ಪೈಪುಗಳು ಮೊಳೆಗಳಿಗೆ ತೂಗಿದ್ದವು. ಅಂಗಡಿಯವರು ಹಳೆಯ ಪೈಪಿನ ಎರಡೂ ಬಾಯಿಗೆ ವರ್ನಿಯರ್ ಹಿಡಿದರು. 28, 30, 32, 35, 38 – ಈ ಸಾಲಿನಲ್ಲಿ ಎರಡು ಮಿಲಿಮೀಟರ್ ದೊಡ್ಡದಾದರೆ ಕ್ಲಿಪ್ಪು ಬಿಗಿಯುವಾಗ ರಬ್ಬರು ಒಂದು ಕಡೆ ಮಡಚುತ್ತದೆ, ಆ ಮಡಿಕೆಯಲ್ಲೇ ಸೋರಿಕೆ. ಚಿಕ್ಕದಾದರೆ ಏರುವುದಿಲ್ಲ, ಏರಿದರೂ ಎಳೆದು ಸೀಳುತ್ತದೆ. ಅಳತೆಯ ನಂತರ ತಿರುವು. ಅವರು ಹಳೆಯ ಪೈಪನ್ನು ನೆಲದ ಮೇಲಿಟ್ಟು ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದರು. ಒಂದಾದ ಮೇಲೊಂದು ಪೈಪನ್ನು ಆ ಗೆರೆಯ ಮೇಲಿಟ್ಟು ನೋಡಿದರು. ಯಾವುದೋ ಪಿಕಪ್ ಗಾಡಿಯ ಉದ್ದನೆಯ ಪೈಪಿನ ನಡುವಿನ ಭಾಗ ಗೆರೆಗೆ ಸರಿಯಾಗಿ ಕೂತಿತು. ಎರಡೂ ಕಡೆ ಕೊಯ್ದು ಎರಡು ಗೇಣಿನ ತುಂಡು ತೆಗೆದರು. ಕೊಯ್ಯುವ ಮೊದಲು ಪೈಪಿನ ಮೇಲೆ ಅಚ್ಚಾದ ತಿಂಗಳು-ವರ್ಷವನ್ನು ನನ್ನ ಗೆಳೆಯರು ಓದಿ ನೋಡಿದರು. ಇದು ನಾವೆಲ್ಲರೂ ಮಾಡಬೇಕಾದ ಕೆಲಸ. ಮೊಳೆಗೆ ತೂಗುತ್ತಲೇ ಮುದಿಯಾದ ರಬ್ಬರಿಗೆ ಹೊಸದರ ದುಡ್ಡು ಕೊಡಬಾರದು. ಕೆಳಗಿನ ಪೈಪು ಹೆಚ್ಚು ಕಷ್ಟವಿಲ್ಲದೆ ಸಿಕ್ಕಿತು. ಒಳಗೆ ಹಾಕಲು ಸ್ಟೀಲಿನ ಸುರುಳಿಯನ್ನೂ ಅವರೇ ಕೊಟ್ಟರು.

ನೀಲಿ ಬಣ್ಣದ ಸಿಲಿಕಾನ್ ಪೈಪು ಹಾಕಿಸಬಾರದೇ ಎಂದು ಕ್ರೀಡಾ ಕಾರಿನವರು ಕೇಳುವುದುಂಟು. ಅದು ಬಿಸಿಗೆ ಬಹಳ ಗಟ್ಟಿ, ನೋಡಲೂ ಚೆಂದ. ಆದರೆ ಅದರ ಮೈಯಿಂದ ನೀರಿನ ಆವಿ ನಿಧಾನವಾಗಿ ಹೊರಹೋಗುತ್ತದೆ, ಮೆತ್ತಗಿನ ಅದನ್ನು ಮಾಮೂಲಿ ತೂತಿನ ಕ್ಲಿಪ್ಪು ಕತ್ತರಿಸುತ್ತದೆ. ಹಳ್ಳಿ ರಸ್ತೆಯ ನಿತ್ಯದ ಓಡಾಟಕ್ಕೆ ನೂಲು ಹೆಣೆದ ಒಳ್ಳೆಯ ಇಪಿಡಿಎಂ ಪೈಪೇ ಸರಿ ಎಂಬುದು ನನ್ನ ಅಭಿಪ್ರಾಯ.

ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ, ಒಂದು ಎಳೆ ತಪ್ಪಿದರೂ ಸೆರಗಿನ ಬುಡ ನಿಲ್ಲದು. ಅದೇ ಊರಿನ ಈ ಮಿಸ್ತ್ರಿ ಪೈಪಿನ ಕೀಲಿಗೆ ತೆಗೆದುಕೊಂಡ ಕಾಳಜಿ ಅಂಥದೇ ಇತ್ತು. ಕುತ್ತಿಗೆಯ ಮೇಲಿನ ಬಿಳಿ ಚಕ್ಕೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಒರೆಸಿದರು. ಕ್ಲಿಪ್ಪುಗಳನ್ನು ಮೊದಲೇ ಪೈಪಿಗೆ ಏರಿಸಿದರು. ತುದಿಯನ್ನು ಸಾಬೂನು ನೀರಲ್ಲಿ ಅದ್ದಿ, ತಿರುಗಿಸುತ್ತ, ಕುತ್ತಿಗೆಯ ಉಬ್ಬನ್ನು ದಾಟಿಸಿ ಒಳಗೆ ತಳ್ಳಿದರು. ಕ್ಲಿಪ್ಪು ಉಬ್ಬಿನ ಮೇಲೆ ಕೂರಬಾರದು, ಅದರ ಹಿಂದೆ ಕೂರಬೇಕು. ಪೈಪಿನ ಅಂಚಿಗೂ ತೀರಾ ಹತ್ತಿರವಿರಬಾರದು. ಸ್ಕ್ರೂವಿನ ತಲೆ ಮುಂದೆಯೂ ಸ್ಕ್ರೂಡ್ರೈವರಿಗೆ ಸಿಗುವ ದಿಕ್ಕಿಗೆ ತಿರುಗಿಸಿದರು. ಹಳೆಯ ಕ್ಲಿಪ್ಪುಗಳನ್ನು ಮತ್ತೆ ಹಾಕಲಿಲ್ಲ. ರಬ್ಬರು ಕ್ಲಿಪ್ಪಿನ ತೂತುಗಳಿಂದ ಉಬ್ಬಿ ಬರುವಷ್ಟು ಬಿಗಿಯಲೂ ಇಲ್ಲ.

ಹಳೆಯ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ವಾಷರ್ ಬಿರುಕು ಬಿಟ್ಟಿತ್ತು. ಅಷ್ಟೇ ಒತ್ತಡದ ಸಂಖ್ಯೆ ಅಚ್ಚಾದ ಹೊಸದು ಬಂತು. ಹೆಚ್ಚಿನ ಸಂಖ್ಯೆಯ ಮುಚ್ಚಳ ಹಾಕಿದರೆ ಇನ್ನೂ ತಂಪು ಎಂದು ನಂಬುವವರಿದ್ದಾರೆ, ಅದು ಹಳೆಯ ರೇಡಿಯೇಟರಿನ ಬೆಸುಗೆಗೆ ಹಾಕುವ ಭಾರ ಮಾತ್ರ.

ಮೊದಲು ಬರಿಯ ನೀರು ತುಂಬಿ ಎಂಜಿನ್ ಓಡಿಸಿ, ತಣಿಸಿ, ಇಳಿಸಿದರು. ತುಕ್ಕಿನ ಬಣ್ಣದ ನೀರು ಬಂತು. ಮತ್ತೊಮ್ಮೆ. ನೀರು ತಿಳಿಯಾದ ಮೇಲೆ ಕೂಲಂಟ್ ಅರ್ಧ, ಹುನಗುಂದದಿಂದ ತಂದ ಡಿಸ್ಟಿಲ್ಡ್ ವಾಟರ್ ಅರ್ಧ. ಕೂಲಂಟ್ ನಮಗೆ ಹಿಮದ ಭಯಕ್ಕಲ್ಲ. ತುಕ್ಕು ತಡೆಯಲು, ಪಂಪಿನ ಸೀಲು ಕಾಯಲು, ಕುದಿಯುವ ಬಿಂದುವನ್ನು ಒಂದಿಷ್ಟು ಮೇಲೇರಿಸಲು. ಕಾರಿನ ಮೂತಿಯನ್ನು ಓಣಿಯ ಏರಿನ ಕಡೆಗೆ ನಿಲ್ಲಿಸಿ, ಮುಚ್ಚಳ ತೆಗೆದೇ ಎಂಜಿನ್ ಶುರುಮಾಡಿದರು. ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಬಂತು. ಗಾಳಿ ಒಳಗೇ ಉಳಿದರೆ ಆ ಜಾಗದ ಲೋಹಕ್ಕೆ ನೀರು ಮುಟ್ಟದು. ಮುಳ್ಳು ತಣ್ಣಗೆ ತೋರಿಸುತ್ತಿರುವಾಗಲೇ ಹೆಡ್ ಗ್ಯಾಸ್ಕೆಟ್ ಸುಡಬಹುದು. ಮೇಲಿನ ಪೈಪಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ ಮಿಸ್ತ್ರಿ ಒಮ್ಮೆಲೇ ಕೈ ತೆಗೆದರು.

"ಥರ್ಮೋಸ್ಟಾಟ್ ತೆಗಿತ್ರಿ. ಬಿಸಿನೀರು ಬಂತು."

ಮುಚ್ಚಳ ಬಿಗಿದರು. ಸ್ವಲ್ಪ ಹೊತ್ತಿಗೆ ಫ್ಯಾನು ತಾನಾಗಿ ತಿರುಗಿತು, ತಾನಾಗಿ ನಿಂತಿತು. ಈ ಊರಿನ ಬಹಳ ಗಾಡಿಗಳಲ್ಲಿ ಥರ್ಮೋಸ್ಟಾಟನ್ನೇ ಕಿತ್ತು ಎಸೆದಿರುತ್ತಾರೆ, ಹೀಟ್ ಆಗಬಾರದೆಂದು. ಅದು ಸರಿಯಲ್ಲ ಎಂದು ಈ ಮಿಸ್ತ್ರಿ ಖಡಾಖಂಡಿತ ಹೇಳಿದರು: ಎಂಜಿನ್ ಬೇಕಾದ ಬಿಸಿಗೆ ಬರದೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಕೆಸರು ಕಟ್ಟುತ್ತದೆ. ಹೀಟಿನ ಕಾರಣ ಬೇರೆಲ್ಲೋ ಇರುವಾಗ ಕಾವಲುಗಾರನನ್ನು ಓಡಿಸಿ ಏನು ಪ್ರಯೋಜನ?

ಒಂದು ಕೆಲಸ ಉಳಿಯಿತು. ಎಂಜಿನ್ನಿನ ಹಿಂಬದಿಯಲ್ಲಿ, ಕೈ ಮುಟ್ಟದ ಕಡೆ, ಒಂದು ಗೇಣೂ ಇಲ್ಲದ ಸಣ್ಣ ಪೈಪಿದೆ. ಎರಡು ಬಾಯಿಗೆ ಎರಡು ಅಳತೆ. ಎಲ್ಲರೂ ಮರೆಯುವುದು ಇದನ್ನೇ, ಒಡೆದರೆ ನೀರೆಲ್ಲ ಖಾಲಿಯಾಗುವುದು ದೊಡ್ಡ ಪೈಪಿನಷ್ಟೇ ಬೇಗ. ಇಳಕಲ್ಲಿನ ಯಾವ ಮೊಳೆಯಲ್ಲೂ ಅಂಥದ್ದು ಇರಲಿಲ್ಲ. ಮಿಸ್ತ್ರಿ ಕನ್ನಡಿ ಹಿಡಿದು, ಬೆರಳಿಳಿಸಿ ಒತ್ತಿ ನೋಡಿ, ಇನ್ನೂ ಗಟ್ಟಿಯಿದೆ, ಮಳೆಗಾಲದೊಳಗೆ ಬದಲಿಸಿ ಎಂದರು. ಅದರ ಎರಡೂ ಬಾಯಿಯ ಅಳತೆಯನ್ನು, ತಿರುವಿನ ಚಿತ್ರವನ್ನು ಅಂಗಡಿಯವರು ಒಂದು ರಟ್ಟಿನ ತುಂಡಿನ ಮೇಲೆ ಬರೆದುಕೊಂಡು, ಹುಬ್ಬಳ್ಳಿಯ ಮಾಲು ಬಂದಾಗ ಹುಡುಕಿಸುತ್ತೇನೆ ಎಂದು ಗೆಳೆಯರ ಫೋನ್ ನಂಬರು ಕೇಳಿದರು.

ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನ ಮೇಲೆ ಕ್ಲಿಪ್ಪುಗಳನ್ನು ಮತ್ತೆ ನೋಡಿ ಎಂದು ಮಿಸ್ತ್ರಿ ಹೇಳಿದ್ದರು. ಹೊಸ ರಬ್ಬರು ಮೊದಲ ಬಿಸಿಗೆ ಒಂದಿಷ್ಟು ಕುಗ್ಗಿ ಕೂರುತ್ತದೆ. ನಾಲ್ಕೂ ಕ್ಲಿಪ್ಪು ಅರ್ಧರ್ಧ ಸುತ್ತು ಬಿಗಿದವು. ಕಾರಿನ ಕೂಲಂಟ್ ಡಬ್ಬಿಯ ನೀರು ಗೆರೆಗಿಂತ ಒಂದು ಬೆರಳು ಇಳಿದಿತ್ತು, ಉಳಿದ ಕ್ಯಾನಿನಿಂದ ತುಂಬಿಸಿ ಕುಷ್ಟಗಿಯ ಕಡೆ ಹೊರಟೆವು.